ಹಗಲು ಮಲಗುವವರ ಚರಿತ್ರೆ

ನಾನು ಬೆಳೆದದ್ದು ಬೆಂಗಳೂರಿನ ಒಂದು ವಠಾರದಲ್ಲಿ. ಅಪ್ಪ ಬಟ್ಟೆ ಮಿಲ್ಲೊಂದರಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದರು. ಮೂರು ವಾರಕ್ಕೊಮ್ಮೆ ಅವರಿಗೆ ರಾತ್ರಿ ಪಾಳಿ ಬರುತ್ತಿತ್ತು. ಆ ವಾರ ಅಮ್ಮ ಮನೆಯ ಒಂದೇ ಕಿಟಕಿಗೆ ಕರಿ ಕಂಬಳಿ ಕಟ್ಟುತ್ತಿದ್ದಳು. ಒರಳಿನ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. 'ಅಪ್ಪ ಮಲಗವ್ರೆ, ಸದ್ದು ಮಾಡ್ಬೇಡ್ರೋ' ಎಂದು ಅವಳು ಗದರುವ ಸದ್ದಿಗೇ ಅಪ್ಪ ಎಷ್ಟೋ ಸಲ ಎದ್ದು ಕೂರುತ್ತಿದ್ದರು.

ನಾನು ಐದನೇ ಕ್ಲಾಸಿನಲ್ಲಿದ್ದಾಗ, ರಾತ್ರಿ ಪಾಳಿಯ ಐದನೇ ದಿನ, ಬೆಳಗಿನ ಜಾವ ನಾಲ್ಕರ ಸುಮಾರಿಗೆ ಅಪ್ಪನ ಬಲಗೈಯ ಎರಡು ಬೆರಳು ಮಗ್ಗದ ಹಲ್ಲುಚಕ್ರಕ್ಕೆ ಸಿಕ್ಕಿ ಹೋದವು. ಆಮೇಲೆ ಮಿಲ್ಲಿನವರು ಸಹಿ ಹಾಕಿಸಿಕೊಂಡ ಕಾಗದದಲ್ಲಿ, ಅವಘಡಕ್ಕೆ ಕಾರಣ 'ಕಾರ್ಮಿಕನ ಅಜಾಗರೂಕತೆ' ಎಂದಿತ್ತು. ಅಪ್ಪ ಎಡಗೈಯಲ್ಲಿ ಸಹಿ ಮಾಡಿದರು. ಜಾಗರ ಎಂದರೆ ಎಚ್ಚರ, ಜಾಗರೂಕ ಎಂದರೆ ಎಚ್ಚರವಾಗಿರುವವನು ಎಂದು ಮುಂದೆ ಹೈಸ್ಕೂಲಿನ ಮೇಷ್ಟ್ರು ಪದ ಬಿಡಿಸಿ ಹೇಳಿದಾಗ ನನಗೆ ಆ ಕಾಗದ ನೆನಪಾಯಿತು. ಅದರಲ್ಲಿ ಸುಳ್ಳೇನೂ ಬರೆದಿರಲಿಲ್ಲ. ಅಪ್ಪನಿಗೆ ಆ ಹೊತ್ತಿನಲ್ಲಿ ಎಚ್ಚರವಿರಲಿಲ್ಲ, ಅಷ್ಟೆ.

ಕಾರ್ಮಿಕ ಕಾಯಿದೆಗಳ ಚರಿತ್ರೆಯನ್ನು ನಾನು ಓದತೊಡಗಿದ್ದು ಈ ಒಂದು ಶಬ್ದದ ಬೆನ್ನು ಹತ್ತಿ. ದುಡಿಮೆಯ ಗಂಟೆಗಳ ಚರಿತ್ರೆ ಎಂದು ನಾವು ಕರೆಯುವುದು ನಿದ್ದೆಯ ಚರಿತ್ರೆಯೂ ಹೌದು ಎಂದು ಈಗ ಅನ್ನಿಸುತ್ತದೆ.

ಮುಂಬಯಿಯ ಮೊದಲ ಹತ್ತಿಗಿರಣಿ 1854ರಲ್ಲಿ ಸ್ಥಾಪನೆಯಾಯಿತು. ಅಲ್ಲಿಂದ ಐದು ದಶಕ ಮುಂಬಯಿಯ ಗಿರಣಿಗಳ ಗಡಿಯಾರ ಸೂರ್ಯನೇ. ಬೆಳಕು ಹರಿದರೆ ಕೆಲಸ ಶುರು, ಕತ್ತಲಾದರೆ ಮುಗಿಯಿತು. ಬೇಸಿಗೆಯಲ್ಲಿ ದಿನ ಉದ್ದ, ಚಳಿಗಾಲದಲ್ಲಿ ಗಿಡ್ಡ. 1881ರ ಮೊದಲ ಫ್ಯಾಕ್ಟರಿ ಕಾಯಿದೆ ಗಂಟೆ ಗೊತ್ತುಮಾಡಿದ್ದು ಮಕ್ಕಳಿಗೆ ಮಾತ್ರ: ಏಳರಿಂದ ಹನ್ನೆರಡು ವರ್ಷದವರು ದಿನಕ್ಕೆ 9 ಗಂಟೆ ದುಡಿಯಬಹುದು! ದೊಡ್ಡವರ ಸುದ್ದಿಯೇ ಅದರಲ್ಲಿಲ್ಲ. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಕಾರ್ಮಿಕರನ್ನು ಸೇರಿಸಿ ಒಂದು ಮನವಿ ಸಿದ್ಧಪಡಿಸಿದರು. ಭಾನುವಾರ ರಜೆ, ನಡುಹಗಲಲ್ಲಿ ಅರ್ಧ ಗಂಟೆ ಬಿಡುವು, ಗಾಯಗೊಂಡವನಿಗೆ ವಾಸಿಯಾಗುವ ತನಕ ಪೂರ್ತಿ ಕೂಲಿ. ಇವುಗಳ ಜೊತೆಗೆ ಇನ್ನೊಂದು ಬೇಡಿಕೆಯಿತ್ತು: ಕೆಲಸ ಬೆಳಿಗ್ಗೆ ಆರೂವರೆಗೆ ಶುರುವಾಗಿ ಸೂರ್ಯಾಸ್ತಕ್ಕೆ ಮುಗಿಯಬೇಕು.

ಈ ಕೊನೆಯ ಬೇಡಿಕೆಯ ಹತ್ತಿರ ನಾನು ಪ್ರತಿ ಸಲ ನಿಲ್ಲುತ್ತೇನೆ. ಶುರುವಿಗೆ ಗಡಿಯಾರ, ಮುಗಿಯುವುದಕ್ಕೆ ಸೂರ್ಯ. ಮುಳುಗುವ ಸೂರ್ಯನನ್ನು ಯಾವ ಮಾಲೀಕನೂ ತಡೆದು ನಿಲ್ಲಿಸಲಾರ ಎಂಬ ಭರವಸೆ ಅವರಿಗಿದ್ದಿರಬೇಕು.

ಇಪ್ಪತ್ತೇ ವರ್ಷ. 1905ರ ಹೊತ್ತಿಗೆ ಮುಂಬಯಿಯ ಗಿರಣಿಗಳಿಗೆ ವಿದ್ಯುದ್ದೀಪ ಬಂತು, ದಿನ ಹದಿನಾಲ್ಕು, ಹದಿನೈದು ಗಂಟೆಗೆ ಲಂಬಿಸಿತು. ನಮ್ಮ ಮೈಸೂರು ಸಂಸ್ಥಾನದಲ್ಲೂ ಅದೇ ಕಾಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿ ತಲುಪಿತ್ತು, 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿಕೊಂಡಿತು. ಬೀದಿದೀಪದ ವಾರ್ಷಿಕೋತ್ಸವಕ್ಕೆ ಪತ್ರಿಕೆಗಳಲ್ಲಿ ಲೇಖನ ಬರುತ್ತವೆ, ಬರಲಿ, ಹೆಮ್ಮೆಯ ಸಂಗತಿಯೇ. ಅದೇ ದೀಪ ಯಾರ ರಾತ್ರಿಯನ್ನು ತೆಗೆದುಕೊಂಡಿತು ಎಂದು ಬರೆದವರು ಕಡಿಮೆ.

ಗದ್ದಲವಾಗಿ, ಸಮಿತಿ ಆಯೋಗಗಳಾಗಿ, 1911ರ ಕಾಯಿದೆ ಬಟ್ಟೆ ಗಿರಣಿಯ ಗಂಡಸರ ದಿನವನ್ನು 12 ಗಂಟೆಗೆ ಕಟ್ಟಿಹಾಕಿತು. 1922ರಲ್ಲಿ ಅದು 11 ಆಯಿತು, 1934ರಲ್ಲಿ 10. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯಿದೆ ದಿನಕ್ಕೆ 9, ವಾರಕ್ಕೆ 48 ಎಂದಿತು. ಒಂದೊಂದು ಗಂಟೆಗೂ ಜನ ಹೋರಾಡಿದ್ದಾರೆ, ಅದನ್ನು ಸಣ್ಣದು ಮಾಡುವ ಮಾತಿಲ್ಲ. ಆದರೆ ಗಂಡಸರ ಮಟ್ಟಿಗೆ ಕಾಯಿದೆ ಎಣಿಸಿದ್ದು ಎಷ್ಟು ಗಂಟೆ ಎಂಬುದನ್ನು, ಯಾವ ಗಂಟೆ ಎಂಬುದನ್ನಲ್ಲ. ಲೆಕ್ಕದಲ್ಲಿ ಅಪ್ಪನಿಗೆ ಮಲಗಲು ಬೇಕಾದಷ್ಟು ಹೊತ್ತಿತ್ತು. ಅದು ಮಧ್ಯಾಹ್ನದ ಬಿಸಿಲಿನಲ್ಲಿತ್ತು, ಹುಡುಗರ ಗೋಲಿಯಾಟದ ನಡುವೆ ಇತ್ತು.

ಹಗಲಿನ ನಿದ್ದೆ ರಾತ್ರಿಯದಕ್ಕೆ ಸಾಟಿಯಲ್ಲ ಎಂಬುದು ಹೊಸ ವಿಷಯವಲ್ಲ. ರಾತ್ರಿ ನಿದ್ದೆಗೆಟ್ಟವನು ಕೆಟ್ಟ ಹೊತ್ತಿನ ಅರ್ಧದಷ್ಟನ್ನು ಮರುದಿನ ಬೆಳಿಗ್ಗೆ ಉಣ್ಣುವ ಮೊದಲೇ ಮಲಗಿ ತೀರಿಸಬೇಕು ಎಂದು ವಾಗ್ಭಟನ 'ಅಷ್ಟಾಂಗಹೃದಯ' ಹೇಳುತ್ತದೆ. ಮುದ್ದೆ ಉಂಡು ಮಲಗಬೇಡವೋ ಎಂದು ಅಜ್ಜಿ ಅಪ್ಪನನ್ನು ಬೈಯುತ್ತಿದ್ದಳು. ಅವಳಿಗೆ ವಾಗ್ಭಟ ಗೊತ್ತಿರಲಿಲ್ಲ. ಹಸಿದು ಬಂದವನು ಉಣ್ಣದೆ ಹೇಗೆ ಮಲಗುತ್ತಾನೆ ಎಂಬುದು ಇಬ್ಬರಿಗೂ ಹೊಳೆದಂತಿಲ್ಲ. ದೇಹದೊಳಗಿನ ಗಡಿಯಾರದ ಕೀಲುಗಳನ್ನು ಬಿಡಿಸಿ ತೋರಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರ ಬೆಳಕು ನೋಡಿ ಹೊತ್ತು ಸರಿಪಡಿಸಿಕೊಳ್ಳುತ್ತದೆ, ಕಾರ್ಖಾನೆಯ ಸೈರನ್ ಅದಕ್ಕೆ ಕೇಳಿಸುವುದಿಲ್ಲ. ಬೆಳಗಿನ ಜಾವ ಮೂರರಿಂದ ಐದರೊಳಗೆ ಮೈಯ ಕಾವು ತಗ್ಗಿ ತೂಕಡಿಕೆ ಜೋರಾಗುತ್ತದೆ. ಆರೂವರೆಗೆ ಮೊದಲು ಮಗ್ಗದ ಮುಂದೆ ನಿಲ್ಲಿಸಬೇಡಿ ಎಂದಿದ್ದ 1884ರ ಮನವಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವಂತೂ 2007ರಲ್ಲೇ ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರ್‌ಕಾರಕ'ಗಳ ಪಟ್ಟಿಗೆ ಸೇರಿಸಿತ್ತು.

ಮಿಲ್ಲು ಮುಚ್ಚಿ ಎಷ್ಟೋ ವರ್ಷದ ಮೇಲೂ ಅಪ್ಪ ರಾತ್ರಿ ಹತ್ತಕ್ಕೆ ಎದ್ದು ಕೂತು ಟಿಫನ್ ಡಬ್ಬಿ ಹುಡುಕುತ್ತಿದ್ದರು. 'ಇವತ್ತು ರಜಾ' ಎಂದು ಅಮ್ಮ ಹೇಳಿದರೆ ಮತ್ತೆ ಮಲಗುತ್ತಿದ್ದರು.

ಈಗ ನನ್ನ ಮಗಳು ಅಮೆರಿಕದ ಹಗಲಿಗೆ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಆರಕ್ಕೆ ಕ್ಯಾಬು ಅವಳನ್ನು ಮನೆಗೆ ಬಿಡುತ್ತದೆ. ಕಿಟಕಿಗೆ ದಪ್ಪನೆಯ ಪರದೆ ಹಾಕಿಸಿಕೊಂಡಿದ್ದಾಳೆ, ಆದರೂ ಅಂಚಿನಿಂದ ಬೆಳಕು ಬರುತ್ತದಂತೆ. ಹೋದ ಭಾನುವಾರ ಅಟ್ಟದ ಮೇಲಿನ ಟ್ರಂಕು ಇಳಿಸಿ ಆ ಕಂಬಳಿ ತೆಗೆದೆ. ಎರಡು ಕಡೆ ನುಸಿ ತಿಂದಿತ್ತು. ಅಮ್ಮ ಕಟ್ಟುತ್ತಿದ್ದ ದಾರ ಮೂಲೆಯಲ್ಲಿ ಹಾಗೇ ಇತ್ತು.