ಗೂಟದ ಕಾರಿನ ಗ್ಯಾರೇಜು ಚರಿತ್ರೆ: ಅಂಬಾಸಿಡರ್ ಸಾಕುವುದೆಂದರೆ ಏನು?

ಹಳೇ ಕಾರು ಕೊಳ್ಳುವ ಮಾತು ಬಂದಾಗ ಹಳ್ಳಿ ಕಡೆ ಈಗಲೂ ಒಬ್ಬರಾದರೂ ಹೇಳುತ್ತಾರೆ: "ಅಂಬಾಸಿಡರ್ ಆದ್ರೆ ಎಲ್ಲಿ ಕೆಟ್ಟು ನಿಂತ್ರೂ ರಿಪೇರಿ ಆಗುತ್ತೆ." ಈ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಯಾಕೆ ನಿಜವಾಗಿತ್ತು, ಈಗ ಎಷ್ಟು ಉಳಿದಿದೆ ಎಂದು ನೋಡಹೊರಟರೆ ಕಾರಿನ ಜೊತೆಗೆ ನಮ್ಮ ದೇಶದ ಕತೆಯೂ ಸಿಗುತ್ತದೆ. ಡಿಕ್ಕಿ ಇರುವ ಹಳೇ ದೊಡ್ಡ ಕಾರೊಂದಕ್ಕೆ ಕೂಡಿಟ್ಟ ದುಡ್ಡು ಹಾಕಲು ಹೊರಟ ಮನೆಯವರಿಗೆ ಅದರಲ್ಲೊಂದು ಪಾಠವೂ ಇದೆ.

ಬದಲಾಗದ ಕಾರು

ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಶುರುವಾದದ್ದು 1942ರಲ್ಲಿ, ಗುಜರಾತಿನ ಓಖಾ ಬಂದರಿನಲ್ಲಿ. 1948ರಲ್ಲಿ ಅದು ಕೋಲ್ಕತ್ತಾ ಹತ್ತಿರದ ಉತ್ತರಪಾಡಾಕ್ಕೆ ಬಂತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಕಾರಿನ ನಕ್ಷೆ ಹಿಡಿದು 1957ರಲ್ಲಿ ಅಂಬಾಸಿಡರ್ ತಯಾರಿಕೆ ಆರಂಭವಾಯಿತು. ಇಂಗ್ಲೆಂಡಿನಲ್ಲಿ ಆ ಮಾದರಿ ಕೆಲವೇ ವರ್ಷಕ್ಕೆ ನಿಂತುಹೋಯಿತು. ನಮ್ಮಲ್ಲಿ ಅದೇ ಆಕಾರ 2014ರವರೆಗೆ, ಅಂದರೆ 57 ವರ್ಷ ಉಳಿಯಿತು.

ಇದಕ್ಕೆ ಕಾರಣ ಅಂದಿನ ಸರ್ಕಾರದ ನೀತಿ. ಬಿಡಿಭಾಗ ತರಿಸಿ ಜೋಡಿಸುವುದಷ್ಟೇ ಸಾಲದು, ಇಲ್ಲೇ ತಯಾರಿಸಬೇಕು ಎಂದು 1950ರ ದಶಕದಲ್ಲಿ ಸರ್ಕಾರ ಹೇಳಿದಾಗ ಫೋರ್ಡ್, ಜನರಲ್ ಮೋಟಾರ್ಸ್ ಜಾಗ ಖಾಲಿ ಮಾಡಿದವು. ಕಾರು ಬೇಕೆಂದರೆ ಮೂರೇ ದಾರಿ ಉಳಿದವು: ಅಂಬಾಸಿಡರ್, ಮುಂಬೈನ ಪ್ರೀಮಿಯರ್ ಕಂಪನಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುವವರ ಸಾಲು ಇದ್ದಾಗ ಕಾರನ್ನು ಸುಧಾರಿಸುವ ಅವಸರ ಯಾವ ಕಂಪನಿಗೆ ಬರುತ್ತದೆ? ಹೆಡ್‌ಲೈಟು, ಮುಂದಿನ ಜಾಲರಿ ಬದಲಾದವು. ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂದು ಹೆಸರು ಬದಲಾಯಿತು. ಒಳಗಿನ ಯಂತ್ರ ಹೆಚ್ಚುಕಡಿಮೆ ಅದೇ ಉಳಿಯಿತು. 1959ರಲ್ಲಿ ಬಂದ 1489 ಸಿಸಿ ಪೆಟ್ರೋಲ್ ಇಂಜಿನ್ ಮೂರು ದಶಕಕ್ಕೂ ಹೆಚ್ಚು ಕಾಲ ಓಡಿತು.

ಕಾಯಿಲೆಯೂ ಒಂದೇ, ಮದ್ದೂ ಒಂದೇ

ಕಾರು ಬದಲಾಗದಿದ್ದರೆ ಅದರ ಕಾಯಿಲೆಯೂ ಬದಲಾಗುವುದಿಲ್ಲ. ಬೇಸಿಗೆಯಲ್ಲಿ ಇಂಜಿನ್ ಕಾವಿಗೆ ಪೆಟ್ರೋಲು ಪಂಪಿನಲ್ಲೇ ಆವಿಯಾಗಿ, ಏರು ದಾರಿಯಲ್ಲಿ ಕಾರು ನಿಲ್ಲುತ್ತಿತ್ತು. ಡ್ರೈವರು ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಬೀಡಿ ಸೇದುವಷ್ಟು ಹೊತ್ತು ಕಾಯುತ್ತಿದ್ದ. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಒಳಗೆ ತೇವ ಹೊಕ್ಕರೆ ಸ್ಟಾರ್ಟೇ ಆಗುತ್ತಿರಲಿಲ್ಲ. ಪಾಯಿಂಟ್ ಸವೆದರೆ ಇಂಜಿನ್ ಎಳೆಯುತ್ತಿರಲಿಲ್ಲ. ಇಂಜಿನ್ ಹಿಂಭಾಗದಲ್ಲಿ ಆಯಿಲ್ ಜಿನುಗುವುದು ಮಾಮೂಲಿ. ಕಾರು ನಿಂತ ಜಾಗದಲ್ಲಿ ಕಪ್ಪು ಕಲೆ ಇಲ್ಲದಿದ್ದರೆ ಆಯಿಲೇ ಇಲ್ಲವೇನೋ ಎಂದು ತಮಾಷೆ ಮಾಡುವಷ್ಟು ಮಾಮೂಲಿ.

ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರ್ ಇನ್ನೊಂದು ತಲೆನೋವು. ಅದರ ಕಡ್ಡಿ, ಬುಷ್‌ಗಳು ಸವೆದಂತೆ ಗೇರು ಎಲ್ಲಿ ಬೀಳುತ್ತದೆ ಎಂಬುದು ಆ ಕಾರಿನ ಡ್ರೈವರಿಗೆ ಮಾತ್ರ ಗೊತ್ತಿರುತ್ತಿತ್ತು. ಮುಂದಿನ ಚಕ್ರಗಳ ಜೋಡಣೆಗೆ ಆಗಾಗ ಗ್ರೀಸ್ ಹೊಡೆಯಲೇಬೇಕು. ಮರೆತರೆ ಅದು ಸವೆದು ಸ್ಟೇರಿಂಗ್ ಅಲುಗಾಡುತ್ತಿತ್ತು.

ಇಷ್ಟಿದ್ದರೂ ಜನ ಇದನ್ನು ನಂಬಿದರು. ಮೇಸ್ತ್ರಿಗಳು ಇದ್ದದ್ದೇ ಆ ನಂಬಿಕೆಗೆ ಕಾರಣ. ಅಪ್ಪ ಬಿಚ್ಚಿ ಜೋಡಿಸಿದ ಇಂಜಿನ್ನನ್ನೇ ಮಗನೂ ಬಿಚ್ಚಿ ಜೋಡಿಸಿದ. ಯಾವ ಪುಸ್ತಕವೂ ಬೇಕಿರಲಿಲ್ಲ. ಒಂದು ಕಾರಿನ ಬಿಡಿಭಾಗ ಇನ್ನೊಂದಕ್ಕೆ ಕೂರುತ್ತಿತ್ತು. ಸ್ಪಾನರ್, ಸುತ್ತಿಗೆ, ಗ್ರೀಸ್ ಗನ್ ಇದ್ದರೆ ಅರ್ಧ ಕೆಲಸ ಮುಗಿಯಿತು. ಹೊಸ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೇ ಸಾಮಾನಿಗೆ ಶಿವಾಜಿನಗರದ ಗುಜರಿ. ಯಂತ್ರ ಗಟ್ಟಿ ಎಂದು ನಾವು ಹೊಗಳಿದ್ದೆಲ್ಲ ನಿಜಕ್ಕೂ ಊರೂರಿಗೆ ಹರಡಿದ್ದ ಆ ಕೈಕಸುಬಿಗೆ ಸಲ್ಲಬೇಕು.

ಮಂತ್ರಿಗಳು, ದೊಡ್ಡ ಅಧಿಕಾರಿಗಳು ಓಡಾಡುತ್ತಿದ್ದ 'ಗೂಟದ ಕಾರು' ಅಂದರೆ ಅಂಬಾಸಿಡರ್ರೇ. ಸರ್ಕಾರ ಹಳೆಯದಾಯಿತೆಂದು ಹರಾಜು ಹಾಕಿದ ಕಾರುಗಳು ಬಾಡಿಗೆ ಗಾಡಿಗಳಾಗಿ, ಮದುವೆ ದಿಬ್ಬಣದ ವಾಹನಗಳಾಗಿ ಹಳ್ಳಿ ಮುಟ್ಟಿದವು. ರಾತ್ರಿ ಹೊತ್ತು ಹೆರಿಗೆ ನೋವು ಬಂದ ಹೆಂಗಸರನ್ನು ತಾಲೂಕು ಆಸ್ಪತ್ರೆಗೆ ಮುಟ್ಟಿಸಿದ್ದೂ ಎಷ್ಟೋ ಊರುಗಳಲ್ಲಿ ಇದೇ ಕಾರು.

ಕಸುಬು ಕರಗಿದ ಬಗೆ

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಹಗುರ, ಮೈಲೇಜು ಹೆಚ್ಚು, ಪದೇ ಪದೇ ಗ್ಯಾರೇಜು ಕೇಳುವುದಿಲ್ಲ. ಅಂಬಾಸಿಡರ್‌ಗೂ 1990ರ ದಶಕದ ಆರಂಭದಲ್ಲಿ ಜಪಾನಿನ ಇಸುಜು ಕಂಪನಿಯ 1817 ಸಿಸಿ ಇಂಜಿನ್, ನೆಲದ ಮೇಲಿನ ಐದು ಗೇರು ಬಂದವು. ಕಾರು ಸುಧಾರಿಸಿತು, ಆದರೆ ಹಳೇ ಇಂಜಿನ್ನಿನ ಬಿಡಿಭಾಗ ಇದಕ್ಕೆ ಕೂರಲಿಲ್ಲ. ಒಂದೇ ಕಾರು, ಒಂದೇ ಮದ್ದು ಎಂಬ ಕಾಲ ಅಲ್ಲಿಗೆ ಮುಗಿಯಿತು.

ಪೆಟ್ರೋಲೂ ಬದಲಾಯಿತು. 2000ನೇ ಇಸವಿಯಲ್ಲಿ ಸೀಸ ಬೆರೆಸಿದ ಪೆಟ್ರೋಲು ದೇಶದಲ್ಲಿ ನಿಂತಿತು. ಗಾಳಿಗೆ, ಮಕ್ಕಳ ಆರೋಗ್ಯಕ್ಕೆ ಅದು ಒಳ್ಳೆಯದೇ ಆಯಿತು. ಆದರೆ ಹಳೇ ಇಂಜಿನ್ನಿನ ವಾಲ್ವ್ ಸೀಟು ಬೇಗ ಸವೆಯದಂತೆ ಕಾಯುತ್ತಿದ್ದುದು ಆ ಸೀಸವೇ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಹಳೇ ಕಾರ್ಬೊರೇಟರಿನ ರಬ್ಬರು, ಪೆಟ್ರೋಲ್ ಪೈಪುಗಳನ್ನು ಅದು ಕೆಡಿಸುತ್ತದೆ.

2014ರ ಮೇ ತಿಂಗಳಲ್ಲಿ ಉತ್ತರಪಾಡಾ ಕಾರ್ಖಾನೆಯ ಕೆಲಸ ನಿಂತಿತು. 2017ರಲ್ಲಿ 'ಅಂಬಾಸಿಡರ್' ಎಂಬ ಹೆಸರನ್ನೇ ಫ್ರಾನ್ಸಿನ ಪೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಲಾಯಿತು. ಹಳೇ ಮೇಸ್ತ್ರಿಗಳಿಗೆ ವಯಸ್ಸಾಯಿತು. ಹೊಸ ಹುಡುಗರು ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವುದನ್ನು ಕಲಿತರು. ಅವರ ಮುಂದೆ ಕಾರ್ಬೊರೇಟರ್ ಇಟ್ಟರೆ ಕೈ ಹಾಕಲು ಹಿಂಜರಿಯುತ್ತಾರೆ.

ಇವತ್ತಿನ ಲೆಕ್ಕ

ಕೊಳ್ಳುವ ಬೆಲೆ ಕಡಿಮೆ ಇರಬಹುದು, ಸಾಕುವ ಖರ್ಚು ಬೇರೆ. ಖಾಸಗಿ ಕಾರಿನ ಆರ್.ಸಿ. 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಆಯಿತು. ಹಸಿರು ತೆರಿಗೆ ಬೇರೆ.

ವಿಮೆಯಲ್ಲೂ ಒಂದು ಸೂಕ್ಷ್ಮ ಇದೆ. 2022ರಲ್ಲಿ ಗೊತ್ತುಮಾಡಿದ ಥರ್ಡ್ ಪಾರ್ಟಿ ದರದ ಪ್ರಕಾರ 1000 ಸಿಸಿ ದಾಟಿದ, 1500 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 3,416 ರೂಪಾಯಿ, 1500 ದಾಟಿದರೆ 7,897, ಮೇಲೆ ಜಿಎಸ್‌ಟಿ. ಹಾಗಾಗಿ 1489 ಸಿಸಿಯ ಹಳೇ ಅಂಬಾಸಿಡರ್ ಕಡಿಮೆ ದರದಲ್ಲಿ ಬರುತ್ತದೆ, ಇಸುಜು ಇಂಜಿನ್ನಿನದು ಎರಡು ಪಟ್ಟು ಮೀರುತ್ತದೆ.

ಪೆಟ್ರೋಲು ಲೀಟರಿಗೆ ನೂರು ರೂಪಾಯಿ, ಮೈಲೇಜು ಹತ್ತು ಎಂದಿಟ್ಟುಕೊಳ್ಳಿ. ತಿಂಗಳಿಗೆ 500 ಕಿ.ಮೀ. ಓಡಿಸಿದರೆ 5,000 ರೂಪಾಯಿ. ಇಪ್ಪತ್ತು ಕೊಡುವ ಸಣ್ಣ ಕಾರಿಗೆ ಅದರ ಅರ್ಧ ಸಾಕು. ವರ್ಷಕ್ಕೆ 30,000 ರೂಪಾಯಿ ವ್ಯತ್ಯಾಸ ಪೆಟ್ರೋಲಿನಲ್ಲೇ ಆಯಿತು.

ಎಲ್ಲಕ್ಕಿಂತ ದೊಡ್ಡ ಖರ್ಚು ತುಕ್ಕು. ಅಂಬಾಸಿಡರ್‌ಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದಿದ್ದರೆ ಕಾರಿನ ಬೆನ್ನುಮೂಳೆಯೇ ಹೋದಂತೆ. ಟಿಂಕರಿಂಗ್ ಮಾಡಿಸಿ ಬಣ್ಣ ಬಳಿದರೆ ಮೇಲಕ್ಕೆ ಕಾಣುವುದಿಲ್ಲ. ಅದಕ್ಕೇ ಮ್ಯಾಟ್ ಎತ್ತಿ ನೋಡಬೇಕು, ಕಾರಿನ ಕೆಳಗೆ ಬಗ್ಗಿ ನೋಡಬೇಕು.

ಇದು ಅಂಬಾಸಿಡರ್‌ಗೆ ಮಾತ್ರ ಹೇಳುವ ಮಾತಲ್ಲ. ತಯಾರಿಕೆ ನಿಂತ ಯಾವ ಹಳೇ ಕಾರಿಗೂ ಸಲ್ಲುತ್ತದೆ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ. ಹಳೇ ಕಾರು ಕೊಳ್ಳುವಾಗ ಅದನ್ನು ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿ ನಿಮ್ಮ ತಾಲೂಕಿನಲ್ಲಿ ಇದ್ದಾರಾ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಮೊದಲು ವಿಚಾರಿಸಿ. ಎರಡಕ್ಕೂ ಉತ್ತರ ಸಿಕ್ಕಿದ ಮೇಲೆ ಬೆಲೆಯ ಮಾತಾಡಿ. ಆ ಮೇಸ್ತ್ರಿ ಸಿಕ್ಕಿದರೆ ಮಾತಾಡಿಸಿ, ಅವರ ಕೈಯಲ್ಲಿರುವ ವಿದ್ಯೆಯನ್ನು ಯಾರಾದರೂ ಕಲಿಯುತ್ತಿದ್ದಾರಾ ಎಂದೂ ಕೇಳಿ. ನಮ್ಮ ಊರುಗಳ ಚರಿತ್ರೆಯಲ್ಲಿ ಅವರ ಹೆಸರೂ ಬರಬೇಕಾದದ್ದು.