ಅಕ್ಷರವೋ, ಅಕ್ಷರದ ಆಕಾರವೋ?

ಹೊಸಕೋಟೆ ತಾಲ್ಲೂಕಿನ ಹೋಬಳಿಗಳಲ್ಲಿ ಅನುಗೊಂಡನಹಳ್ಳಿಯೂ ಒಂದು. ಆ ಊರಿನ ಹೆಸರನ್ನು ಕಣ್ಣಿನಿಂದ ಎಣಿಸಿದರೆ ಏಳು ಅಕ್ಷರ. ಇಂದಿನ ಯೂನಿಕೋಡ್ ಪದ್ಧತಿಯಲ್ಲಿ ಗಣಕಯಂತ್ರ ಅದನ್ನು 13 ಸಂಕೇತಗಳಾಗಿ ನೆನಪಿಡುತ್ತದೆ. ಅದಕ್ಕೆ ಹಿಂದಿನ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಅದೇ ಹೆಸರು 16 ತುಣುಕುಗಳಾಗಿತ್ತು. ಏಳು, ಹದಿಮೂರು, ಹದಿನಾರು: ಈ ಮೂರು ಲೆಕ್ಕಗಳ ನಡುವೆ ನಮ್ಮ ಲಿಪಿಯ ಚರಿತ್ರೆಯ ಒಂದು ಅಧ್ಯಾಯವೇ ಅಡಗಿದೆ. ಅಂತರಜಾಲದಲ್ಲಿ ಕನ್ನಡದ ಪುಟಗಳನ್ನು ಸಿದ್ಧಪಡಿಸುವವರು ಇಂದಿಗೂ ಮಾಡುತ್ತಿರುವ ಕೆಲವು ತಪ್ಪುಗಳ ಬೇರು ಇರುವುದೂ ಅಲ್ಲಿಯೇ.

ಮೊದಲು ಕಲ್ಲಿನ ಮಾತು. ಹಲ್ಮಿಡಿಯ ಶಾಸನವನ್ನು ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಹೇಳುತ್ತಾರೆ. ಅಂದಿನಿಂದ ನೂರಾರು ವರ್ಷ ಕನ್ನಡ ಅಕ್ಷರ ಉಳಿಯ ತುದಿಯಲ್ಲಿ, ಕಂಟದ ಮೊನೆಯಲ್ಲಿ ಬೆಳೆಯಿತು. ಕಲ್ಲುಕುಟಿಗ ಪದಕ್ಕೂ ಪದಕ್ಕೂ ನಡುವೆ ತೆರಪು ಬಿಡುವ ಗೋಜಿಗೆ ಹೋಗುತ್ತಿರಲಿಲ್ಲ. ಸಾಲು ಮುಗಿದಲ್ಲಿ ಪದವನ್ನು ಮುರಿದು ಕೆಳಗಿನ ಸಾಲಿಗೆ ಒಯ್ಯುತ್ತಿದ್ದ. ಆದರೆ ಅಕ್ಷರವನ್ನು ಸಾಮಾನ್ಯವಾಗಿ ಒಡೆಯುತ್ತಿರಲಿಲ್ಲ. ಒತ್ತು ತನ್ನ ಅಕ್ಷರದ ಕೆಳಗೇ ಇರುತ್ತಿತ್ತು. ಪದ ಮುರಿದರೂ ಅಕ್ಷರ ಮುರಿಯಬಾರದೆಂಬುದು ಅವನ ವ್ಯಾಕರಣ. ಲಿಪಿಯನ್ನು ಬಲ್ಲವನು ಇಂದಿಗೂ ಆ ಕಲ್ಲಿನ ಮುಂದೆ ನಿಂತು ಓದಬಹುದು. ಕಲ್ಲನ್ನು ಕೆತ್ತಿದವನ ಉಳಿಯನ್ನು ತಂದುಕೊಡಿರೆಂದು ಯಾರನ್ನೂ ಕೇಳಬೇಕಾಗಿಲ್ಲ.

ಅಚ್ಚಿನ ಕಾಲ ಬಂದಾಗ ಅಕ್ಷರ ಮೊದಲ ಸಲ ತುಂಡಾಯಿತು. ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾಯಿತು. ಇಂಗ್ಲಿಷಿಗೆ 26 ಅಕ್ಷರಗಳ ದೊಡ್ಡ ರೂಪ, ಚಿಕ್ಕ ರೂಪ, ಅಂಕಿ, ವಿರಾಮಚಿಹ್ನೆ ಇಷ್ಟಿದ್ದರೆ ಮೊಳೆಯ ಪೆಟ್ಟಿಗೆ ಬಹುಮಟ್ಟಿಗೆ ತುಂಬಿತು. ಕನ್ನಡದ ಸಂಸಾರ ಅಷ್ಟು ಚಿಕ್ಕದಲ್ಲ. ಕಾಗುಣಿತ, ಒತ್ತು, ಒತ್ತಿಗೊಂದು ಕೊಂಬು, ಕೊಂಬಿಗೊಂದು ದೀರ್ಘ ಎಂದು ಹೊರಟರೆ ನೂರಾರು ಮೊಳೆಗಳು ಬೇಕು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಮೊಳೆಯ ಅಚ್ಚಲ್ಲ, ಕಲ್ಲಚ್ಚು. ಕೈಬರಹವನ್ನೇ ಕಲ್ಲಿನ ಮೇಲಿಳಿಸಿ ತೆಗೆದ ಪ್ರತಿ. ಮುಂದೆ ಮೊಳೆಯ ಕೆಲಸ ಪಳಗಿತು. 1894ರಲ್ಲಿ ಕಿಟ್ಟೆಲರ ಮಹಾನಿಘಂಟು ಅದೇ ಮಂಗಳೂರಿನಿಂದ ಹೊರಬಂತು. ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಲೂಯಿ ರೈಸ್ 1905ರಲ್ಲಿ ಪ್ರಕಟಿಸಿದಾಗ ಹೊಸಕೋಟೆ ತಾಲ್ಲೂಕಿನ ಕಲ್ಲುಗಳ ಮಾತೂ ಸೀಸದ ಅಕ್ಷರಗಳಿಗೆ ಇಳಿಯಿತು.

ಮೊಳೆ ಜೋಡಿಸುವವನ ಲೋಕವೇ ಬೇರೆ. ಅವನಿಗೆ ‘ಕ’ ಒಂದು ಧ್ವನಿಯಲ್ಲ. ಒಂದು ಮೈ, ಅದರ ಮೇಲೊಂದು ತಲೆಕಟ್ಟು ಅಥವಾ ಗುಡಿಸು, ಪಕ್ಕದಲ್ಲೊಂದು ಕೊಂಬು, ಕೆಳಗೊಂದು ಒತ್ತು. ಈ ತುಂಡುಗಳನ್ನು ಹೊಂದಿಸಿ ಕಣ್ಣಿಗೆ ಅಕ್ಷರ ಕಾಣುವಂತೆ ಮಾಡಿದರೆ ಅವನ ಕೆಲಸ ಮುಗಿಯಿತು. ಅದರಲ್ಲಿ ದೋಷವೇನೂ ಇಲ್ಲ. ಕಾಗದದ ಮೇಲೆ ಬಿದ್ದ ಮಸಿಯನ್ನು ಓದುವುದು ಕಣ್ಣು ಮಾತ್ರ. ಕಣ್ಣಿಗೆ ಒಪ್ಪಿದರೆ ಸಾಕು.

ತೊಡಕು ಹುಟ್ಟಿದ್ದು ಈ ಮೊಳೆಯ ಪೆಟ್ಟಿಗೆಯನ್ನೇ ಗಣಕಯಂತ್ರದೊಳಗೆ ಇಟ್ಟಾಗ. ಅಮೆರಿಕದಲ್ಲಿ 1963ರಲ್ಲಿ ಗೊತ್ತುಮಾಡಿದ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ 128 ಮನೆಗಳು. ಅದನ್ನು 256ಕ್ಕೆ ಹಿಗ್ಗಿಸಿದಾಗ ಉಳಿದ ಮನೆಗಳಲ್ಲಿ ಐರೋಪ್ಯ ಭಾಷೆಗಳ ವಿಶೇಷಾಕ್ಷರಗಳು ಬಂದು ಕುಳಿತವು. ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ. ನಮ್ಮ ತಂತ್ರಜ್ಞರು ಒಂದು ಜಾಣತನ ಮಾಡಿದರು. ಮನೆಯ ಬಾಗಿಲಿನ ಹೆಸರುಹಲಗೆಯನ್ನು ಹಾಗೆಯೇ ಬಿಟ್ಟು ಒಳಗೆ ಕನ್ನಡದ ತುಣುಕುಗಳನ್ನು ಕೂರಿಸಿದರು. ಇಂಗ್ಲಿಷಿನ ‘ಪಿ’ ಇದ್ದಲ್ಲಿ ತಲೆಕಟ್ಟಿಲ್ಲದ ‘ಕ’. ಮೇಲೆ ಓರೆಗೆರೆ ಹೊತ್ತ ‘ಎ’ ಇದ್ದಲ್ಲಿ ಬರಿಯ ತಲೆಕಟ್ಟು. ಆ ಫಾಂಟು ಇರುವವರೆಗೆ ಕಾಣುವುದು ಅಚ್ಚುಕಟ್ಟಾದ ಕನ್ನಡ. ಅದಿಲ್ಲದ ಯಂತ್ರಕ್ಕೆ ಹೋದೊಡನೆ ಹೆಸರುಹಲಗೆಗಳೇ ಹೊರಗೆ ಬರುತ್ತವೆ.

ಅನುಗೊಂಡನಹಳ್ಳಿಯ ಹೆಸರನ್ನು ಆ ರೀತಿಯಲ್ಲಿ ಬರೆದು, ಫಾಂಟನ್ನು ತೆಗೆದು ನೋಡಿದೆ. ಮೊದಲಿಗೆ ‘ಅ’ ಇರಬೇಕಾದಲ್ಲಿ ಇಂಗ್ಲಿಷಿನ ‘ಸಿ’. ಬೆನ್ನಿಗೆ ಬ್ರಿಟಿಷರ ಪೌಂಡಿನ ಗುರುತು, ಅದು ನಮ್ಮ ‘ನ’ಕಾರ. ‘ಗೊ’ ಎಂಬುದು ಮೂರು ತುಣುಕು. ಅನುಸ್ವಾರದ ಸ್ಥಾನದಲ್ಲಿ ‘ಎ’. ಕೊನೆಯ ‘ಹಳ್ಳಿ’ಯ ಅವಸ್ಥೆ ಇನ್ನೂ ವಿಚಿತ್ರ: ‘ಳಿ’ ಇದ್ದಲ್ಲಿ ಲೆಕ್ಕದ ಪುಸ್ತಕದಲ್ಲಿ ಬರುವ ‘ಅರ್ಧ’ ಎಂಬ ಭಿನ್ನರಾಶಿಯ ಚಿಹ್ನೆ, ಅದರ ಪಕ್ಕದಲ್ಲಿ ಟೋಪಿ ಹಾಕಿದ ‘ಐ’. ನಮ್ಮ ನಾಡಿನಲ್ಲಿ ‘ಹಳ್ಳಿ’ಯೆಂದು ಮುಗಿಯುವ ಊರುಗಳು ಎಷ್ಟಿವೆಯೋ ಅಷ್ಟಕ್ಕೂ ಈ ಅರ್ಧದ ಗತಿಯೇ.

ಇದು ನಕ್ಕು ಬಿಡುವ ಮಾತಲ್ಲ. ಗ್ರಾಮಸಭೆಯ ಸೂಚನೆಯೋ ಫಲಾನುಭವಿಗಳ ಪಟ್ಟಿಯೋ ಹೀಗೆ ಜಾಲದ ಪುಟಕ್ಕೆ ಏರಿದೆಯೆನ್ನಿ. ಊರಿನವನೊಬ್ಬ ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಹುಡುಕಿದರೆ ‘ಅಂಥದೊಂದಿಲ್ಲ’ ಎಂಬ ಉತ್ತರ. ಕಡತ ಇದೆ, ಹೆಸರೂ ಅದರಲ್ಲಿದೆ. ಯಂತ್ರಕ್ಕೆ ಮಾತ್ರ ಅದು ಹೆಸರಲ್ಲ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಅದು ಸಿ, ಪಿ, ಯುಗಳ ಕ್ರಮ ಹಿಡಿಯುತ್ತದೆ. ಕಣ್ಣಿಲ್ಲದವರಿಗೆ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಅವು ಪೌಂಡು, ಅರ್ಧ ಎಂದು ಒದರತೊಡಗುತ್ತವೆ. ಹದಿನೈದು ಶತಮಾನದ ಕಲ್ಲನ್ನು ಓದಬಲ್ಲ ನಾವು ನಿನ್ನೆ ಮೊನ್ನೆಯ ಕಡತದ ಮುಂದೆ ನಿರಕ್ಷರಿಗಳಾಗಿ ನಿಲ್ಲಬೇಕಾದ ಸ್ಥಿತಿ ಇದು.

ಹಾಗೆಂದು ಆ ಫಾಂಟುಗಳನ್ನು ಮಾಡಿದವರನ್ನು ಹಳಿಯುವುದು ಕೃತಘ್ನತೆಯಾದೀತು. ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂತು. ಕನ್ನಡಕ್ಕೆ ಅದರಲ್ಲಿ 128 ಮನೆಗಳ ಸ್ವಂತ ಕೇರಿಯೇ ದೊರೆಯಿತು. ಆದರೆ ಆ ಸಂಕೇತಗಳನ್ನು ಕೂಡಿಸಿ ಒತ್ತು, ಗುಣಿತಗಳೊಡನೆ ತೋರಿಸುವ ವ್ಯವಸ್ಥೆ ಜನಸಾಮಾನ್ಯರ ಮೇಜಿಗೆ ಬಂದದ್ದು ಹತ್ತು ವರ್ಷ ತಡವಾಗಿ, 2001ರ ವಿಂಡೋಸ್ ಎಕ್ಸ್‌ಪಿಯೊಡನೆ. ಅದರಲ್ಲಿದ್ದ ಕನ್ನಡ ಫಾಂಟಿಗೆ ‘ತುಂಗಾ’ ಎಂದು ನಮ್ಮ ನದಿಯದೇ ಹೆಸರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಹೊರಬಂದದ್ದು ಈ ನಡುಗಾಲದಲ್ಲಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದರ ಬೆನ್ನಿಗೇ ಬಂತು. ಕೆ. ಪಿ. ರಾವ್ ಅವರು ಧ್ವನಿಯನ್ನು ಅನುಸರಿಸಿ ರೂಪಿಸಿದ ಕೀಲಿಮಣೆ ಸಾವಿರಾರು ಬೆರಳುಗಳಿಗೆ ಕನ್ನಡ ಕಲಿಸಿತು. ಹೊಳೆಗೆ ಸೇತುವೆ ಕಟ್ಟುವವರೆಗೆ ದೋಣಿ ಬೇಕೇ ಬೇಕು. ಸೇತುವೆಯಾದ ಮೇಲೂ ದೋಣಿಯಲ್ಲೇ ಹೋಗುತ್ತೇನೆನ್ನುವುದು ಬೇರೆ ಮಾತು. ಅಚ್ಚುಕೂಟಗಳ ಹಳೆಯ ತಂತ್ರಾಂಶಗಳು ಹಳೆಯ ಫಾಂಟನ್ನೇ ಬೇಡುತ್ತಿದ್ದವು. ಕಾಗದಕ್ಕೆಂದು ಜೋಡಿಸಿದ್ದನ್ನು ಹಾಗೆಯೇ ಜಾಲಕ್ಕೂ ಹಾಕಿದರು. ಅಗತ್ಯ ತೀರಿತು, ಅಭ್ಯಾಸ ಉಳಿಯಿತು.

ಎರಡು ಪದ್ಧತಿಗಳ ಅಂತರವನ್ನು ‘ಕರ್ನಾಟಕ’ ಎಂಬ ಒಂದು ಮಾತಿನಲ್ಲಿ ಕಾಣಬಹುದು. ಬಾಯಿ ಮೊದಲು ‘ರ್’ ಎನ್ನುತ್ತದೆ, ಆಮೇಲೆ ‘ನಾ’. ಕೈ ಮಾತ್ರ ಮೊದಲು ‘ನಾ’ ಬರೆದು ಆಮೇಲೆ ಅರ್ಕಾವೊತ್ತು ಇಡುತ್ತದೆ. ಹಳೆಯ ಫಾಂಟು ಕೈಯನ್ನು ಹಿಂಬಾಲಿಸಿತು; ಐಸ್‌ಲೆಂಡಿನವರ ಒಂದು ಅಕ್ಷರದ ಮನೆಯಲ್ಲಿ ಅರ್ಕಾವೊತ್ತನ್ನು ಕೂರಿಸಿತು. ಯೂನಿಕೋಡು ಬಾಯಿಯನ್ನು ಹಿಂಬಾಲಿಸುತ್ತದೆ: ನುಡಿದ ಕ್ರಮದಲ್ಲಿ ನೆನಪಿಟ್ಟು, ಬರೆಯುವ ಕ್ರಮದಲ್ಲಿ ತೋರಿಸುತ್ತದೆ. ಒಂದರಲ್ಲಿ ಉಳಿದದ್ದು ಅಕ್ಷರದ ಆಕಾರ, ಇನ್ನೊಂದರಲ್ಲಿ ಅಕ್ಷರ.

ಅಕ್ಷರ ಸರಿಯಿದ್ದರೂ ಅಲಂಕಾರದಲ್ಲಿ ಕೆಡುವುದುಂಟು. ಬೆರಳಚ್ಚು ಯಂತ್ರದಲ್ಲಿ ಒಂದು ಮಾತಿಗೆ ಒತ್ತು ಕೊಡಲು ಅಡಿಗೆರೆಯೇ ಗತಿಯಾಗಿತ್ತು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವಂಥವು. ಅಡಿಗೆರೆ ಅವುಗಳ ಕುತ್ತಿಗೆಯನ್ನೇ ಕೊಯ್ಯುತ್ತದೆ. ಓರೆಯಕ್ಷರ ಇಂಗ್ಲಿಷಿನ ಸಂಪ್ರದಾಯ. ನಮ್ಮ ಭಾಷೆಗೆ ಒತ್ತಿ ಹೇಳಲು ‘ಅವನೇ’, ‘ಅಲ್ಲಿಯೇ’ ಎಂಬಲ್ಲಿನ ಒಂದು ಏಕಾರ ಸಾಕು. ಮೊಳೆ ಜೋಡಿಸುವವರು ಸಾಲುಗಳ ನಡುವೆ ಸೀಸದ ಪಟ್ಟಿಯಿಟ್ಟು ಒತ್ತಿಗೆ ಎಡೆ ಬಿಡುತ್ತಿದ್ದರು. ಜಾಲದ ಪುಟಗಳಲ್ಲಿ ಇಂಗ್ಲಿಷಿನ ಇಕ್ಕಟ್ಟಾದ ಅಂತರವನ್ನೇ ಹಾಕುವುದರಿಂದ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎರಡು ಅಂಚನ್ನೂ ಸಮಮಾಡುವ ಹಟದಲ್ಲಿ ಉದ್ದ ಪದಗಳ ನಡುವೆ ಬಯಲು ಬೀಳುತ್ತದೆ. ಅನುಸ್ವಾರದ ಬದಲು ಸೊನ್ನೆಯನ್ನು ಒತ್ತುವವರಿದ್ದಾರೆ. ಕಣ್ಣಿಗೆ ಎರಡೂ ಒಂದೇ, ಹುಡುಕುವವನಿಗೆ ಮಾತ್ರ ಆ ಪದ ಕಳೆದುಹೋಯಿತು. ಕೊನೆಯದು, ಬರಹವನ್ನೇ ಚಿತ್ರ ತೆಗೆದು ಅಂಟಿಸುವ ರೂಢಿ. ಮೋಗ್ಲಿಂಗರಿಗೆ ಕಲ್ಲಚ್ಚು ಕಾಲದ ಅಗತ್ಯವಾಗಿತ್ತು. ನಮಗೆ ಆ ನೆವವಿಲ್ಲ.

ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಈಗ ಕೈಗೆ ಸಿಗುತ್ತವೆ. ಪರಿವರ್ತಿಸಿದ್ದನ್ನು ಕನ್ನಡ ಬಲ್ಲವರು ಒಮ್ಮೆ ಓದಿ ತಿದ್ದಬೇಕು, ಅಷ್ಟೆ. ಈ ಕೆಲಸವನ್ನು ನಾವು ತಂತ್ರಜ್ಞರ ಮನೆವಾರ್ತೆಯೆಂದು ಬಿಟ್ಟುಬಿಟ್ಟಿದ್ದೇವೆ. ನನ್ನ ದೃಷ್ಟಿಯಲ್ಲಿ ಇದು ರೈಸ್ ಸಾಹೇಬರು ಊರೂರಿನ ಶಾಸನಗಳನ್ನು ಸಂಪುಟಗಳಿಗೆ ಇಳಿಸಿದ ಕೆಲಸದ ಜಾತಿಗೇ ಸೇರಿದ್ದು. ಅವರು ಮಳೆ ಬಿಸಿಲಿಗೆ ಸವೆಯುತ್ತಿದ್ದ ಕಲ್ಲನ್ನು ಉಳಿಸಿದರು. ಕಡತ ಸವೆಯುವುದಿಲ್ಲ; ಅದನ್ನು ಓದುವ ಫಾಂಟು ಮಾತ್ರ ಒಂದು ದಿನ ಸದ್ದಿಲ್ಲದೆ ಇಲ್ಲವಾಗುತ್ತದೆ. ಅಷ್ಟರೊಳಗೆ ಅನುಗೊಂಡನಹಳ್ಳಿಯಂಥ ಊರುಗಳ ಹೆಸರನ್ನಾದರೂ ಅರ್ಧದಿಂದ ಬಿಡಿಸಿ ಪೂರ್ತಿಯಾಗಿ ಬರೆದಿಡುವುದು ಒಳ್ಳೆಯದು.