ಕಡತ ಎಂದರೆ ಏನಪ್ಪಾ?

ಬ್ಯಾಂಕ್ ನೌಕರಿಗೆಂದು ನಾನು ಇಲ್ಲಿಗೆ ಬಂದಾಗ ಈ ಊರು ಇನ್ನೂ ಮದ್ರಾಸ್. ಮಗಳು ಹುಟ್ಟಿದ್ದು ಚೆನ್ನೈಯಲ್ಲಿ. ಕನ್ನಡ ಚೆನ್ನಾಗಿಯೇ ಮಾತಾಡುತ್ತಾಳೆ, ಓದುವಾಗ ಮಾತ್ರ ತಡವರಿಕೆ. ಮೊನ್ನೆ ಭಾನುವಾರ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿ, ಭಾಷೆ ಕನ್ನಡ ಎಂದು ಆರಿಸಿದೆ. ತೆರೆಯ ಮೇಲೆ 'ಕಡತ', 'ಉಳಿಸು'! ಅವಳು ಅಕ್ಷರ ಕೂಡಿಸಿ ಓದಿ, "ಕಡತ ಅಂದ್ರೆ ಏನಪ್ಪಾ?" ಅಂದಳು.

ಲೆಕ್ಕದವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ? ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪಾಗಿಸಿ, ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಧಾರ. ಆ ಪದವನ್ನು 'ಫೈಲ್' ಜಾಗದಲ್ಲಿ ಕೂರಿಸಿದ ಪುಣ್ಯಾತ್ಮರು ಯಾರು?

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನು ಯೋಜನೆ ಸಾರಿದರು. ತಂತ್ರಾಂಶವನ್ನು ಯಾರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂಬುದು ಅದರ ತತ್ವ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಹೊರತಂದ. ಅದೇ ವರ್ಷ ಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ನಮ್ಮ ಕನ್ನಡಕ್ಕೂ ಜಾಗವಿತ್ತು. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ಸರ್ಕಾರದ ಪ್ರಮಾಣಿತ ವಿನ್ಯಾಸಕ್ಕೆ ತಳಹದಿಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಕೇದಗೆ, ಮಲ್ಲಿಗೆ ಎಂಬ ಮುಕ್ತ ಫಾಂಟುಗಳು ಬಂದವು. ಕಡೆಗೆ ಗ್ನೋಮ್, ಕೆಡಿಇ, ಫೈರ್‌ಫಾಕ್ಸ್‌ಗಳಿಗೆ ಕನ್ನಡದ ಪದ ತುಂಬಿದವರಲ್ಲಿ ಸ್ವಯಂಸೇವಕರೂ ಇದ್ದರು.

ಆ ಕೆಲಸ ನಮ್ಮ ಲೆಡ್ಜರಿನ ಹಾಗೇ ಸ್ವಾಮಿ! ಮೇಲಿನ ಸಾಲಿನಲ್ಲಿ ಇಂಗ್ಲಿಷ್, ಕೆಳಗಿನ ಸಾಲಿನಲ್ಲಿ ಕನ್ನಡ. ಕೆಳಗಿನದು ಖಾಲಿ ಬಿಟ್ಟರೆ ತೆರೆಯ ಮೇಲೆ ಇಂಗ್ಲಿಷೇ ಕಾಣುತ್ತದೆ. ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ತಾಳೆ ನೋಡುತ್ತಾರೆ. ಬ್ಯಾಂಕಿನಲ್ಲಿ ನಾವು ಮಾಡುವುದೂ ಅದನ್ನೇ ತಾನೆ?

ನಮ್ಮ ಚೆನ್ನೈಗೂ ಇದರಲ್ಲಿ ಪಾಲಿದೆ. ಇಲ್ಲಿನ ಸಿ-ಡ್ಯಾಕ್ 2007ರಲ್ಲಿ ಡೆಬಿಯನ್ ಆಧರಿಸಿ 'ಬಾಸ್' ಲಿನಕ್ಸ್ ಹೊರತಂದಿತು. ಅದರ ಭಾರತೀಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಮುಕ್ತ ತಂತ್ರಾಂಶದ ಗುಣವೇ ಅದು. ಎಲ್ಲೋ ಕೂತವರು ಒಮ್ಮೆ ಬರೆದಿಟ್ಟ ಪದ ಇನ್ನೆಲ್ಲೋ ಇನ್ಯಾರದೋ ಮನೆಗೆ ತಲುಪುತ್ತದೆ.

ಆದರೆ ಈ ಖಾತೆಯನ್ನು ಒಮ್ಮೆ ತುಂಬಿ ಸುಮ್ಮನಿರುವಂತಿಲ್ಲ. ಪ್ರತಿ ಹೊಸ ಆವೃತ್ತಿಯ ಜತೆಗೂ ಹೊಸ ಸಾಲುಗಳು ಬರುತ್ತವೆ. ತುಂಬುವವರಿಲ್ಲದಿದ್ದರೆ ಕನ್ನಡದ ತೆರೆ ಒಂದೊಂದೇ ಸಾಲು ಇಂಗ್ಲಿಷಿಗೆ ಜಾರುತ್ತದೆ. ಯಾರೂ ಕನ್ನಡವನ್ನು ತೆಗೆದುಹಾಕಬೇಕಿಲ್ಲ, ನಾವು ಸುಮ್ಮನಿದ್ದರೆ ಸಾಕು! ಹೊರನಾಡಿನ ಎಷ್ಟೋ ಮನೆಗಳಲ್ಲಿ ಕನ್ನಡ ಹೋದದ್ದೂ ಹೀಗೇ ಅಲ್ಲವೆ?

ಆ ರಾತ್ರಿ ಅಪ್ಪ-ಮಗಳು ಕೂತು ಹನ್ನೊಂದು ಖಾಲಿ ಸಾಲು ತುಂಬಿ ಕಳಿಸಿದೆವು. ಕಂಪ್ಯೂಟರ್ ವಿದ್ಯೆ ಬೇಕಾಗಲಿಲ್ಲ, ನನ್ನ ಬಿ.ಕಾಂ. ಕನ್ನಡವೇ ಸಾಕಾಯಿತು. ತಾಳೆ ನೋಡಿದವರು ಎರಡನ್ನು ತಿದ್ದಿದರು. ತಿದ್ದಿದ್ದು ನನ್ನವೇ, ಅವಳದಲ್ಲ!

ನಿಮ್ಮ ಮನೆಯಲ್ಲೂ ಒಂದು ಹಳೇ ಲ್ಯಾಪ್‌ಟಾಪ್ ಇರಬೇಕಲ್ಲ?